ಹಲಸಿಯ ಹಕಾರ, ಬೆಳಗಾವಿಯ ಬಕಾರ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ, ನಗರದ ಜನಸಂದಣಿ ಇನ್ನೂ ಪೂರ್ತಿಯಾಗಿ ಹಿಂದುಳಿಯುವ ಮೊದಲೇ, ಮಚ್ಛೆ ಎಂಬ ಊರು ಸಿಗುತ್ತದೆ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನಸಂಗಮ’ ಆವರಣವಿರುವುದು ಅಲ್ಲಿ. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಗಣಕಶಾಸ್ತ್ರವನ್ನು ಅಭ್ಯಸಿಸುವ ತರುಣ ತರುಣಿಯರು ಸ್ಟೀಫನ್ ಕ್ಲೇನಿ ಎಂಬ ಅಮೆರಿಕದ ಗಣಿತಜ್ಞನ ಪ್ರಮೇಯವನ್ನು ಪರೀಕ್ಷೆಗೆಂದು ಉರುಹೊಡೆಯುವುದು ಬಹುಮಟ್ಟಿಗೆ ಇಲ್ಲಿಂದ ಹೊರಡುವ ಪಠ್ಯಕ್ರಮದ ಅಪ್ಪಣೆಯಂತೆ. ಅದೇ ದಾರಿಯಲ್ಲಿ ಮುಂದುವರಿದು, ಖಾನಾಪುರವನ್ನು ಸೇರಿ, ನಂದಗಡದ ಕಡೆಗೆ ಹೊರಳಿ ಇನ್ನಷ್ಟು ನಡೆದರೆ, ಕದಂಬರ ಕಾಲದ ದೇವಾಲಯಗಳನ್ನು ತನ್ನ ಮಡಿಲಿನಲ್ಲಿರಿಸಿಕೊಂಡ ಹಲಸಿ ಗೋಚರವಾಗುತ್ತದೆ. ಕ್ಲೇನಿಯ ಪ್ರಮೇಯಕ್ಕೂ ಹಲಸಿಯ ಭೂವರಾಹ ನರಸಿಂಹನ ಗುಡಿಗೂ ಏನು ಸಂಬಂಧವೆಂದು ದಾರಿಗನು ಕೇಳಿದರೆ ಅವನನ್ನು ತಪ್ಪುಗಾರನೆನ್ನಲಾಗದು. ಆದರೂ ಸಂಬಂಧವೊಂದುಂಟು. ಬರೆಹದಲ್ಲಿ ಎಲ್ಲೆಲ್ಲಿ ಇಂಥ ರೂಪವಿದೆಯೋ ಅಲ್ಲೆಲ್ಲ ಅಂಥ ರೂಪವನ್ನು ಒಂದೇ ನಿಯಮದಿಂದ ನಿಲ್ಲಿಸುವ ಕಸಬು ಈ ನೆಲದಲ್ಲಿ ಯಂತ್ರಗಳು ಹುಟ್ಟುವುದಕ್ಕೆ ಬಹುಕಾಲ ಮುಂಚೆಯೇ ನಡೆದು ಬಂದಿತ್ತು.

ಇಂದಿನ ಗಣಕದ ಮಂದಿ ಈ ಕಸಬಿನ ಉಪಕರಣಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದೂ, ಮಾತಿನ ಸಲುಗೆಯಲ್ಲಿ ರೆಜೆಕ್ಸ್ ಎಂದೂ ಹೆಸರಿಟ್ಟಿದ್ದಾರೆ. ಟೆಕ್ಸ್ಟ್ ಎಡಿಟರಿನಲ್ಲಿ ಒಂದು ಶಬ್ದವನ್ನು ಹುಡುಕಿ ಇನ್ನೊಂದನ್ನು ಇಡುವುದನ್ನು ಯಾರಾದರೂ ಮಾಡಿಯಾರು. ರೆಜೆಕ್ಸ್ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಅದು ಹುಡುಕುವುದು ಶಬ್ದವನ್ನಲ್ಲ, ಶಬ್ದದ ಆಕೃತಿಯನ್ನು. ಸಾಲಿನ ಆದಿಯನ್ನು ^ ಎಂಬ ಗುರುತಿನಿಂದಲೂ, ಅಂತ್ಯವನ್ನು $ ಎಂಬುದರಿಂದಲೂ, ಯಾವುದಾದರೊಂದು ಅಕ್ಷರವನ್ನು ಚುಕ್ಕೆಯಿಂದಲೂ, ಹಿಂದಿನದು ಎಷ್ಟು ಸಲವಾದರೂ ಬರಬಹುದೆಂಬುದನ್ನು ನಕ್ಷತ್ರದಿಂದಲೂ, ಇವುಗಳಲ್ಲಿ ಯಾವುದಾದರೂ ಒಂದು ಎಂಬುದನ್ನು ಚೌಕಟ್ಟಿನ ಆವರಣದಿಂದಲೂ ಸೂಚಿಸುವರು. ದುಂಡು ಆವರಣದೊಳಗೆ ಹಿಡಿದಿಟ್ಟ ಭಾಗವನ್ನು ಬದಲಿಸುವಾಗ ಮರಳಿ ಬೇಕಾದ ಕಡೆಗೆ ಇಡಬಹುದು. ಹೀಗೆ ಐದಾರು ಗುರುತುಗಳ ಸಹಾಯದಿಂದ, ಸಾವಿರ ಪುಟಗಳ ಗ್ರಂಥದಲ್ಲಿ ಒಬ್ಬ ಪಂಡಿತನು ತಿಂಗಳುಗಟ್ಟಲೆ ಕುಳಿತು ತಿದ್ದಬೇಕಾದುದನ್ನು ಒಂದೇ ಪಂಕ್ತಿಯ ಅಪ್ಪಣೆಯು ಕಣ್ಣೆವೆಯಿಕ್ಕುವಷ್ಟರಲ್ಲಿ ತಿದ್ದುತ್ತದೆ, ಇಲ್ಲವೆ ಅಷ್ಟೇ ಶೀಘ್ರವಾಗಿ ಕೆಡಿಸುತ್ತದೆ.

ಹಲಸಿಯಲ್ಲಿ ದೊರೆತ ಬನವಾಸಿ ಕದಂಬರ ತಾಮ್ರಪಟಗಳು ಸಂಸ್ಕೃತದಲ್ಲಿವೆ. ಕಾಕುಸ್ಥವರ್ಮನಿಂದ ಮೊದಲ್ಗೊಂಡು ಮೃಗೇಶವರ್ಮ, ರವಿವರ್ಮ, ಹರಿವರ್ಮರ ಕಾಲದವರೆಗಿನ ಆ ದಾನಪತ್ರಗಳಲ್ಲಿ ಊರಿನ ಹೆಸರು ಪಲಾಶಿಕಾ. ಮೃಗೇಶವರ್ಮನು ಜಿನಾಲಯವನ್ನು ಕಟ್ಟಿಸಿದುದು ಈ ಪಲಾಶಿಕೆಯಲ್ಲಿಯೇ. ಈ ತಾಮ್ರಪಟಗಳನ್ನು ಓದಿ 19ನೆಯ ಶತಮಾನದಲ್ಲಿ ಪ್ರಕಟಿಸಿದವನು ಮುಂಬಯಿ ಸಿವಿಲ್ ಸರ್ವಿಸಿಗೆ ಸೇರಿದ ಜಾನ್ ಫೇತ್‌ಫುಲ್ ಫ್ಲೀಟ್. ಐದಾರು ಶತಮಾನಗಳು ಉರುಳಿದ ಮೇಲೆ, ಗೋವೆಯ ಕದಂಬರು ಕೊಂಕಣ ಒಂಬೈನೂರರೊಡನೆ ಆಳಿದ ನಾಡು ಪಲಸಿಗೆ ಹನ್ನೆರಡು ಸಾಸಿರವೆಂದು ಶಾಸನಗಳಲ್ಲಿ ಕಾಣಿಸಿಕೊಂಡಿತು. ಅನಂತರ ಅದೇ ಹೆಸರು ಹಲಸಿಗೆಯಾಯಿತು. ಇಂದು ಅದು ಹಲಸಿ. ಊರು ಕದಲಲಿಲ್ಲ, ಅದರ ಹೆಸರಿನ ಅಕ್ಷರಗಳು ಮಾತ್ರ ಒಂದೊಂದಾಗಿ ಕದಲಿದುವು.

ಈ ಕದಲಿಕೆಯು ಯದೃಚ್ಛೆಯಿಂದ ನಡೆದುದಲ್ಲವೆಂಬುದನ್ನು ತಿಳಿಯಲು ಸುಮಾರು 1260ರಲ್ಲಿ ಕೇಶಿರಾಜನು ರಚಿಸಿದ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ತಿರುವಿಹಾಕಬೇಕು. ಸಂಸ್ಕೃತ ಶಬ್ದವು ಕನ್ನಡದ ಮನೆಯನ್ನು ಹೊಗುವಾಗ ಅದರ ಶಕಾರಕ್ಕೆ ಸಕಾರವೂ, ಪದಾಂತ್ಯದ ಆಕಾರಕ್ಕೆ ಎಕಾರವೂ, ಕಕಾರಕ್ಕೆ ಗಕಾರವೂ ಬರುವ ಬಗೆಯನ್ನು ಅಲ್ಲಿ ಕ್ರಮಬದ್ಧವಾಗಿ ಹೇಳಿದೆ. ಪಲಾಶಿಕಾ ಎಂಬುದನ್ನು ಈ ನಿಯಮಗಳ ಕೈಗೆ ಒಪ್ಪಿಸಿದರೆ ಮೊದಲು ಪಲಾಸಿಕಾ, ಬಳಿಕ ಪಲಾಸಿಕೆ, ಬಳಿಕ ಪಲಾಸಿಗೆ. ನಡುವಣ ದೀರ್ಘವು ಹ್ರಸ್ವವಾದೊಡನೆ ಪಲಸಿಗೆ. ಇನ್ನುಳಿದುದು ಆದಿಯ ಪಕಾರ. ಹತ್ತನೆಯ ಶತಮಾನದ ಆಸುಪಾಸಿನಿಂದ ಶಾಸನಗಳಲ್ಲಿ ತಲೆದೋರಿ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಭಾಷೆಯನ್ನೆಲ್ಲ ವ್ಯಾಪಿಸಿದ ಮಹಾಪರಿವರ್ತನೆಯಿಂದ ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು, ಪುಲಿ ಹುಲಿಯಾಯಿತು, ಪಲಸಿಗೆ ಹಲಸಿಗೆಯಾಯಿತು. ಕಡೆಯ ಗೆಕಾರದ ಲೋಪಕ್ಕೆ ಮಾತ್ರ ಸೂತ್ರವನ್ನು ಹುಡುಕಹೊರಡುವುದು ವ್ಯರ್ಥ; ಅದು ಜನರ ನಾಲಗೆ ತನ್ನ ಅನುಕೂಲಕ್ಕೆ ಮಾಡಿಕೊಂಡ ಉಳಿತಾಯ.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಪಕಾರವಿದ್ದಲ್ಲೆಲ್ಲ ಹಕಾರ ಬಂದಿತೆಂಬ ಮಾತು ನಿಜವಲ್ಲವೆಂಬುದು. ಪದದ ಆದಿಯಲ್ಲಿದ್ದ ಪಕಾರಕ್ಕೆ ಈ ಗತಿಯಾಯಿತೇ ಹೊರತು, ಉಪ್ಪು ಉಹ್ಹಾಗಲಿಲ್ಲ, ತಪ್ಪು ತಹ್ಹಾಗಲಿಲ್ಲ. ಅನುಸ್ವಾರದ ಆಶ್ರಯದಲ್ಲಿದ್ದ ಕೆಂಪು, ತಂಪು, ಇಂಪುಗಳು ಹಾಗೆಯೇ ಉಳಿದುವು. ಪಾಪ ಪುಣ್ಯಗಳಂಥ ತತ್ಸಮಗಳು ಪಂಡಿತರ ಕಾವಲಿನಲ್ಲಿ ಬದುಕಿಕೊಂಡುವು. ಪಡೆ ಎಂಬ ಕ್ರಿಯಾಪದದ ಗತಿಯಂತೂ ವಿಚಿತ್ರ: ಅದು ಹೆರುವ ಅರ್ಥದಲ್ಲಿ ಹಡೆ ಆಯಿತು, ಹೊಂದುವ ಅರ್ಥದಲ್ಲಿ ಪಡೆಯಾಗಿಯೇ ನಿಂತಿತು. ಬದಲಾವಣೆಯ ಮರ್ಮವಿರುವುದು ಬದಲಾಗುವ ಅಕ್ಷರದಲ್ಲಿ ಕಡಿಮೆ, ಅದರ ಹಿಂದೆ ಮುಂದೆ ನಿಂತ ಅಕ್ಷರಗಳಲ್ಲಿ ಹೆಚ್ಚು. ಎಡಿಟರಿನಲ್ಲಿ ಪದದ ಆದಿಯ ಗುರುತನ್ನು ಹಾಕಲು ಮರೆತು ‘ಪ’ ತೆಗೆದು ‘ಹ’ ಇಡು ಎಂದು ಅಪ್ಪಣೆ ಕೊಟ್ಟವನು ತನ್ನ ಕಡತದಲ್ಲಿ ಉಹ್ಹನ್ನೂ ತಹ್ಹನ್ನೂ ಕಂಡು ಬೆಪ್ಪಾಗುವನು, ಅಲ್ಲ, ಬೆಹ್ಹಾಗುವನು. ಭಾಷೆಯು ಎಂದೂ ಅಂಥ ತಪ್ಪನ್ನು ಮಾಡಲಿಲ್ಲ.

ಬೆಳಗಾವಿಯ ಕಥೆಯೂ ಇದರ ಒಡಹುಟ್ಟು. ಸವದತ್ತಿಯ ರಟ್ಟರು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡ ಈ ಊರು ಶಾಸನಗಳಲ್ಲಿ ವೇಣುಗ್ರಾಮ, ವೇಳುಗ್ರಾಮ ಎಂದು ಕಾಣುತ್ತದೆ. ಸುತ್ತಣ ನಾಡಿಗೆ ವೇಣುಗ್ರಾಮ ಎಪ್ಪತ್ತು ಎಂದು ಹೆಸರು. ತಮಿಳಿನಲ್ಲಿ ವಿಲ್, ವೇರ್ ಎಂದಿರುವುದು ಕನ್ನಡದಲ್ಲಿ ಬಿಲ್, ಬೇರ್ ಎಂದಾದ ಹಾಗೆ, ಪದಾದಿಯ ವಕಾರಕ್ಕೆ ಬಕಾರ ಬಂದಿತು. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿಯು 1204ರ ಸುಮಾರಿಗೆ ಕೋಟೆಯೊಳಗೆ ಕಟ್ಟಿಸಿದ ರಟ್ಟ ಜಿನಾಲಯವನ್ನು ಇಂದು ಕಮಲ ಬಸದಿ ಎನ್ನುತ್ತೇವಷ್ಟೆ. ಬಸದಿ ಎಂಬ ಶಬ್ದವೇ ವಸತಿಯ ತದ್ಭವ, ಅದರಲ್ಲಿಯೂ ವಕಾರ ಬಕಾರವಾಗಿದೆ, ತಕಾರ ದಕಾರವಾಗಿದೆ. ಒಂದೇ ನಿಯಮವು ಊರಿನ ಹೆಸರನ್ನೂ ಊರಿನ ಪ್ರಸಿದ್ಧ ಕಟ್ಟಡದ ಹೆಸರನ್ನೂ ತಿದ್ದಿತು. ಆ ಬಳಿಕ ಬಂದ ಆಂಗ್ಲ ಅಧಿಕಾರಿಗಳ ಲೇಖನಿಯಲ್ಲಿ ಬೆಳಗಾವಿಯು ಬೆಲ್‌ಗಾಂ ಆದುದಕ್ಕೆ ಕೇಶಿರಾಜನನ್ನು ಹೊಣೆ ಮಾಡಲಾಗದು.

ಯಾವುದರ ಸ್ಥಾನದಲ್ಲಿ, ಯಾವುದು, ಯಾವುದರ ಮುಂದೆ ಅಥವಾ ಹಿಂದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವ ಸೂತ್ರದ ಅಚ್ಚನ್ನು ಮೊದಲು ಎರೆದವನು ಪಾಣಿನಿ. ಹೆಚ್ಚುಕಡಿಮೆ ನಾಲ್ಕು ಸಾವಿರ ಸೂತ್ರಗಳ ಅಷ್ಟಾಧ್ಯಾಯಿಯಲ್ಲಿ ಕದಲತಕ್ಕ ಸ್ಥಾನಿಯನ್ನು ಷಷ್ಠೀ ವಿಭಕ್ತಿಯಲ್ಲಿಯೂ, ಬರತಕ್ಕ ಆದೇಶವನ್ನು ಪ್ರಥಮೆಯಲ್ಲಿಯೂ, ಮುಂದೆ ನಿಂತಿರಬೇಕಾದುದನ್ನು ಸಪ್ತಮಿಯಲ್ಲಿಯೂ, ಹಿಂದೆ ಇರಬೇಕಾದುದನ್ನು ಪಂಚಮಿಯಲ್ಲಿಯೂ ಹೇಳುವ ಕಟ್ಟಳೆಯಿದೆ; ವಿಭಕ್ತಿ ಪ್ರತ್ಯಯಗಳೇ ಆತನಿಗೆ ಸಂಕೇತಗಳಾದುವು. ಕನ್ನಡದ ಮಕ್ಕಳು ಶಾಲೆಯಲ್ಲಿ ಕಲಿಯುವ ಆದೇಶಸಂಧಿಯು ಇದೇ ವಂಶದ್ದು: ಮಳೆ ಮತ್ತು ಕಾಲ ಕೂಡಿದಾಗ ಉತ್ತರಪದದ ಆದಿಯ ಕಕಾರಕ್ಕೆ ಗಕಾರ ಬಂದು ಮಳೆಗಾಲವಾಗುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ ಮಳೆಗಾಲವನ್ನು ಕಳೆದವನಿಗೆ ಈ ಉದಾಹರಣೆ ಮರೆಯದು. ಗಣಕಶಾಸ್ತ್ರಜ್ಞರಿಗೂ ಈ ಸಾಮ್ಯ ತೋರದೆ ಹೋಗಲಿಲ್ಲ. 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬಾತನು, ಗಣಕಭಾಷೆಗಳ ವ್ಯಾಕರಣವನ್ನು ಬರೆಯುವ ಬ್ಯಾಕಸ್ ಕ್ರಮಕ್ಕೆ ಪಾಣಿನಿಯ ಹೆಸರನ್ನೂ ಸೇರಿಸುವುದು ನ್ಯಾಯವೆಂದು ಆ ಶಾಸ್ತ್ರದ ಪತ್ರಿಕೆಗೆ ಪತ್ರ ಬರೆದನು.

ಪಾಣಿನಿಯನ್ನು ಓದಿ ಅಮೆರಿಕದವರು ರೆಜೆಕ್ಸನ್ನು ಕಟ್ಟಿದರೆಂದು ಹೇಳುವ ಉತ್ಸಾಹಿಗಳಿದ್ದಾರೆ. ಅದು ಅಭಿಮಾನದ ಮಾತು, ಚರಿತ್ರೆಯಲ್ಲ. ರೆಜೆಕ್ಸಿನ ವಂಶಾವಳಿ ಬೇರೆ. ನರಮಂಡಲದ ಕ್ರಿಯೆಯನ್ನು ಗಣಿತದಲ್ಲಿ ಹಿಡಿಯಹೊರಟ ಮೆಕಲಕ್ ಮತ್ತು ಪಿಟ್ಸ್ ಎಂಬಿಬ್ಬರ 1943ರ ಲೇಖನವನ್ನು ಬೆಳೆಸುತ್ತ, ಕ್ಲೇನಿಯು 1951ರಲ್ಲಿ ರ‍್ಯಾಂಡ್ ಸಂಸ್ಥೆಗಾಗಿ ಒಂದು ವರದಿಯನ್ನು ಬರೆದನು. ಅದು 1956ರಲ್ಲಿ ಗ್ರಂಥಸ್ಥವಾಯಿತು. ಅವನ ನಕ್ಷತ್ರಚಿಹ್ನೆಯೇ ಇಂದಿನ ಎಡಿಟರುಗಳಲ್ಲಿ ಉಳಿದು ಬಂದಿರುವುದು. ಆ ಗಣಿತವನ್ನು ಬರೆಹ ತಿದ್ದುವ ಕೆಲಸಕ್ಕೆ ಹೂಡಿದವನು ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್. ಬರ್ಕ್ಲಿಯಲ್ಲಿ ಹುಟ್ಟಿದ ಕ್ಯೂಇಡಿ ಎಂಬ ಎಡಿಟರನ್ನು ಆತನು ಐಬಿಎಂ 7094 ಯಂತ್ರಕ್ಕಾಗಿ ಹೊಸದಾಗಿ ಬರೆಯುವಾಗ ಈ ಶಕ್ತಿಯನ್ನು ಅದರೊಳಗೆ ತುಂಬಿ, ತನ್ನ ವಿಧಾನವನ್ನು 1968ರಲ್ಲಿ ಪ್ರಕಟಿಸಿದನು. ಯುನಿಕ್ಸಿನ ‘ಎಡ್’ ಅದರ ಸಂತಾನ. ಪರದೆಯಿಲ್ಲದೆ, ಕಾಗದದ ಮೇಲೆ ಸೆಕೆಂಡಿಗೆ ಹತ್ತು ಅಕ್ಷರಗಳಂತೆ ಕಟಕಟಿಸುತ್ತಿದ್ದ ಟೆಲಿಟೈಪಿನ ಕಾಲವಾದುದರಿಂದ ಅಪ್ಪಣೆಗಳೆಲ್ಲ ಒಂದೊಂದೇ ಅಕ್ಷರದವು. ಅರ್ಧಮಾತ್ರೆಯ ಲಾಘವಕ್ಕೂ ಹಿಗ್ಗುವ ವೈಯಾಕರಣರು ಇದನ್ನು ಮೆಚ್ಚಿಯಾರು. ಅಮೆರಿಕದ ಫೆಡರಲಿಸ್ಟ್ ಪ್ರಬಂಧಗಳ ಕರ್ತೃಗಳಾರೆಂಬುದನ್ನು ಪರಿಶೀಲಿಸುತ್ತಿದ್ದ ಲೀ ಮೆಕ್‌ಮಹನ್ ಎಂಬ ಸಹೋದ್ಯೋಗಿಯ ಕಡತಗಳು ಎಡ್‌ಗೆ ಹಿಡಿಯಲಾರದಷ್ಟು ದೊಡ್ಡವಾದಾಗ, ಹುಡುಕುವ ಭಾಗವನ್ನು ಮಾತ್ರ ಬಿಡಿಸಿ ಥಾಂಪ್ಸನ್ ‘ಗ್ರೆಪ್’ ಅನ್ನು ಕೊಟ್ಟನು. ಬದಲಿಸುವ ಭಾಗವನ್ನು ಹರಿವ ಬರೆಹಕ್ಕೆ ಹೊಂದಿಸಿ ಮೆಕ್‌ಮಹನ್ ತಾನೇ ‘ಸೆಡ್’ ಅನ್ನು ಬರೆದನು.

ಈ ಸೆಡ್ ರೂಪುಗೊಳ್ಳುತ್ತಿದ್ದ ಕಾಲದಲ್ಲಿಯೇ, ಗಣಕದ ಸುಳಿವೂ ಇಲ್ಲದೆ, ಬೆಂಗಳೂರಿನ ವಿಧಾನಸೌಧದಲ್ಲಿ ಅದೇ ಕೆಲಸವೊಂದು ನಡೆಯಿತು. ಬೆಳಗಾವಿಗೆ ಅದರಲ್ಲಿ ಅನಿರೀಕ್ಷಿತವಾದ ಪಾತ್ರವಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಚಂದಗಡ ತಾಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆಯೂ, ವಿಜಾಪುರ, ಧಾರವಾಡ, ಕಾರವಾರದ ಜಿಲ್ಲೆಗಳೂ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದುವು. ಖಾನಾಪುರವೂ ಹಾಗೆ ಬಂದ ತಾಲೂಕುಗಳಲ್ಲೊಂದು. ಜನ ಬಂದರು, ನೆಲ ಬಂದಿತು, ಅವರೊಡನೆ ಮುಂಬಯಿಯ ಕಾನೂನುಗಳೂ ಬಂದುವು. ಯಾವ ಕಾನೂನು ಎಲ್ಲಿ ಜಾರಿಯಲ್ಲಿದೆ ಎಂದು ಹೇಳಬೇಕಾದಾಗಲೆಲ್ಲ ಶಾಸನಗಳಲ್ಲಿ ‘ಬಾಂಬೆ ಏರಿಯಾ’, ‘ಹೈದರಾಬಾದ್ ಏರಿಯಾ’, ‘ಮದ್ರಾಸ್ ಏರಿಯಾ’, ‘ಮೈಸೂರು ಏರಿಯಾ’ ಎಂಬ ಪ್ರಯೋಗಗಳು ನೆಲೆಗೊಂಡುವು. 1973ರ ನವೆಂಬರ್ 1ರಂದು ರಾಜ್ಯದ ಹೆಸರೇ ಕರ್ನಾಟಕವಾದಾಗ, ಅದುವರೆಗಿನ ಶಾಸನಗಳಲ್ಲೆಲ್ಲ ಮೈಸೂರು ಎಂಬುದನ್ನು ತೆಗೆದು ಕರ್ನಾಟಕವೆಂದು ಇಡುವ ಭಾರ ಸರಕಾರದ ಮೇಲೆ ಬಿದ್ದಿತು. ಒಂದೊಂದು ಶಾಸನಕ್ಕೂ ತಿದ್ದುಪಡಿ ತರಹೊರಟಿದ್ದರೆ ಶಾಸನಸಭೆಗೆ ಬೇರೆ ಕೆಲಸವೇ ಉಳಿಯುತ್ತಿರಲಿಲ್ಲ. ಬದಲಾಗಿ ಕಾನೂನುಗಳ ಅಳವಡಿಕೆಯ ಆಜ್ಞೆಯೊಂದನ್ನು ಹೊರಡಿಸಿ ಸಮಸ್ತವನ್ನೂ ಒಮ್ಮೆಗೇ ತಿದ್ದಿದರು. ಇಂದಿಗೂ ರಾಜ್ಯದ ಹಳೆಯ ಶಾಸನಗಳ ಪುಟಗಳಲ್ಲಿ, ಚೌಕಟ್ಟಿನ ಆವರಣದೊಳಗೆ ಕುಳಿತ ‘ಕರ್ನಾಟಕ’ ಎಂಬ ಪದದ ಅಡಿಟಿಪ್ಪಣಿಯಲ್ಲಿ ಆ ಆಜ್ಞೆಯ ಉಲ್ಲೇಖವು ಬಂದೇ ಬರುತ್ತದೆ.

ಆ ಆಜ್ಞೆಯ ಕುಶಲತೆಯಿರುವುದು ಅದು ತಿದ್ದಿದುದರಲ್ಲಿ ಎಷ್ಟೋ, ತಿದ್ದದೆ ಬಿಟ್ಟುದರಲ್ಲಿಯೂ ಅಷ್ಟೇ. ಮೈಸೂರು ನಗರ, ಮೈಸೂರು ಜಿಲ್ಲೆ, ಮೈಸೂರು ವಿಶ್ವವಿದ್ಯಾಲಯಗಳು ಮೈಸೂರುಗಳಾಗಿಯೇ ಉಳಿಯಬೇಕಷ್ಟೆ. ಹಳೆಯ ಸಂಸ್ಥಾನದ ನೆಲವನ್ನು ಹೇಳುವ ‘ಮೈಸೂರು ಏರಿಯಾ’ ಕೂಡ ಹಾಗೆಯೇ. ‘ಬಾಂಬೆ ಏರಿಯಾ’ ಎಂಬುದು ‘ಬೆಲ್‌ಗಾಂ ಏರಿಯಾ’ ಆಯಿತು, ‘ಹೈದರಾಬಾದ್ ಏರಿಯಾ’ ‘ಗುಲ್ಬರ್ಗಾ ಏರಿಯಾ’ ಆಯಿತು. ಆದರೆ ‘ಬಾಂಬೆ’ ಎಂಬ ಪದದ ಮುಂದೆ ಏರಿಯಾ ಇಲ್ಲದೆ ಒಂದು ಕಾಯಿದೆಯ ಶೀರ್ಷಿಕೆ ಇದ್ದಲ್ಲಿ ಅದನ್ನು ಮುಟ್ಟುವಂತಿರಲಿಲ್ಲ, ಏಕೆಂದರೆ 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯಿದೆಯಂಥದು ಮುಂಬಯಿಯದೇ. ಹೀಗಾಗಿ ಬೆಲ್‌ಗಾಂ ಏರಿಯಾದಲ್ಲಿ ಜಾರಿಯಲ್ಲಿರುವ ಬಾಂಬೆ ಕಾಯಿದೆ ಎಂಬ, ಓದಿದವರಿಗೆ ಮೊದಲು ಗೊಂದಲವನ್ನುಂಟುಮಾಡುವ, ಆದರೆ ಅಕ್ಷರಶಃ ಸರಿಯಾದ ನುಡಿಗಟ್ಟು ನ್ಯಾಯಾಲಯಗಳಲ್ಲಿ ನೆಲೆನಿಂತಿತು. ಮುಂದೆ ಏನಿದೆ ಎಂಬುದನ್ನು ಇಣುಕಿ ನೋಡಿ, ಅದನ್ನು ಮುಟ್ಟದೆ, ಹಿಂದಿನದನ್ನು ಮಾತ್ರ ಬದಲಿಸುವ ಈ ಯುಕ್ತಿಗೆ ರೆಜೆಕ್ಸಿನವರು ಲುಕ್‌ಅಹೆಡ್ ಎಂದು ಹೆಸರಿಟ್ಟುದು ಎಷ್ಟೋ ವರ್ಷಗಳ ತರುವಾಯ. ಒಂದು ವಕ್ರತೆ ಮಾತ್ರ ಉಳಿದುಕೊಂಡಿತು: ಕರ್ನಾಟಕವೆಂಬ ರಾಜ್ಯವೇ ಇರದಿದ್ದ 1961ರ ವರ್ಷಕ್ಕೆ ಸೇರಿದ ಭೂಸುಧಾರಣೆಯ ಕಾಯಿದೆಯನ್ನು ನಾವಿಂದು ಕರ್ನಾಟಕ ಭೂಸುಧಾರಣಾ ಕಾಯಿದೆ, 1961 ಎನ್ನುತ್ತೇವೆ. ಸಾರ್ವತ್ರಿಕ ತಿದ್ದುಪಡಿಯು ಕಾಲವನ್ನೂ ತಿದ್ದಿಬಿಡುತ್ತದೆ. ಇತಿಹಾಸಕಾರನು ಅಡಿಟಿಪ್ಪಣಿಯನ್ನು ಓದದಿದ್ದರೆ ಮೋಸಹೋದಾನು.

ಗಣಕವು ಈ ಸೀಮೆಯ ಕಚೇರಿಗಳನ್ನೂ ಮುದ್ರಣಾಲಯಗಳನ್ನೂ ಹೊಕ್ಕ ಕಾಲಕ್ಕೆ ಕನ್ನಡದ ಸಂಕಟ ಬೇರೆಯ ರೂಪವನ್ನು ತಾಳಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಂಥ ತಂತ್ರಾಂಶಗಳ ಮೊದಲ ಫಾಂಟುಗಳು ಕನ್ನಡದ ತುಂಡುಗಳನ್ನು ಆಂಗ್ಲ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿದ್ದುವು. ಕಣ್ಣಿಗೆ ಬೆಳಗಾವಿ ಎಂದು ಕಾಣುವಲ್ಲಿ ಯಂತ್ರದ ಒಡಲಿನಲ್ಲಿರುವುದು ಚಿತ್ರವಿಚಿತ್ರ ಗುರುತುಗಳು. ಅದರ ‘ಗಾ’ ಎಂಬುದು ಅಲ್ಲಿ ಆಂಗ್ಲದ ದೊಡ್ಡ ‘ಯು’ ಮತ್ತು ತಲೆಯ ಮೇಲೆ ಗೀಟನ್ನು ಹೊತ್ತ ಒಂದು ‘ಎ’. ಇಂಥ ಲಕ್ಷಾಂತರ ಪುಟಗಳನ್ನು ಯುನಿಕೋಡಿಗೆ ತರುವ ಕೆಲಸವೆಂದರೆ ಸ್ಥಾನಿ ಆದೇಶಗಳ ದೊಡ್ಡ ಪಟ್ಟಿಯೊಂದನ್ನು ಬರೆದು ಓಡಿಸುವುದು. ಪಟ್ಟಿ ಸಾಲದ ಕಡೆಗಳೂ ಇದ್ದುವು. ಅರ್ಕಾವೊತ್ತು ಅವುಗಳಲ್ಲಿ ಮುಖ್ಯವಾದುದು. ಹಳೆಯ ಕ್ರಮದಲ್ಲಿ ಅದು ಕಣ್ಣಿಗೆ ಕಾಣುವಂತೆ ವ್ಯಂಜನದ ಬಲಕ್ಕೆ ಬರುತ್ತಿದ್ದರೆ, ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮಕ್ಕನುಗುಣವಾಗಿ ರೇಫವು ಮೊದಲು ಬರಬೇಕು. ಆದುದರಿಂದ ಕರ್ನಾಟಕವೆಂದು ಬರೆದಲ್ಲಿ ‘ನಾ’ ಎಂಬುದನ್ನು ದುಂಡು ಆವರಣದಲ್ಲಿ ಹಿಡಿದು, ಅದರ ಹಿಂದಕ್ಕೆ ರೇಫವನ್ನು ಒಯ್ದು, ಹಿಡಿದುದನ್ನು ಮರಳಿ ಬಿಡಬೇಕು. ನಾಡಿನ ಹೆಸರನ್ನೇ ಈ ಅದಲುಬದಲಿಲ್ಲದೆ ಹೊಸ ಲಿಪಿಸಂಕೇತಕ್ಕೆ ತರಲಾಗುತ್ತಿರಲಿಲ್ಲ.

ಯುನಿಕೋಡಿಗೆ ಬಂದೊಡನೆ ಎಲ್ಲವೂ ಸುಗಮವಾಯಿತೆಂದೇನೂ ಅಲ್ಲ. ಥಾಂಪ್ಸನ್ನನ ವಂಶದ ಉಪಕರಣಗಳು ಪದವೆಂದರೆ ಆಂಗ್ಲದ ಅಕ್ಷರಗಳ ಸಾಲೆಂದು ನಂಬಿ ಬೆಳೆದುವು. ಕನ್ನಡದ ಗುಣಿತಚಿಹ್ನೆಗಳನ್ನೂ ವಿರಾಮವನ್ನೂ ಪದದ ಭಾಗವೆಂದು ಎಣಿಸದೆ, ಬೆಳಗಾವಿಯ ನಟ್ಟನಡುವೆ ಪದದ ಎಲ್ಲೆಯನ್ನು ಕಾಣುವ ಉಪಕರಣಗಳು ಈಗಲೂ ಇವೆ, ಪೈಥಾನ್ ಭಾಷೆಯ ಮೂಲ ರೆಜೆಕ್ಸ್ ಅವುಗಳಲ್ಲೊಂದು. ಇನ್ನೊಂದು ತೊಡಕಿಗೆ ಖಾನಾಪುರ ತಾಲೂಕಿನ ರೈಲ್ವೆ ಜಂಕ್ಷನ್ ಆದ ಲೋಂಡಾದ ಹೆಸರನ್ನು ತೆಗೆದುಕೊಳ್ಳಿ. ಅದರ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆ, ಊಕಾರದ ಕೊಂಬು, ದೀರ್ಘದ ಗುರುತು ಎಂಬ ಮೂರು ಸಂಕೇತಗಳನ್ನು ಸಾಲಾಗಿ ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಎರಡೂ ಬೇರೆ. ಸೂತ್ರವನ್ನು ಬರೆಯುವುದಕ್ಕೆ ಮೊದಲು ಕಡತವನ್ನೆಲ್ಲ ಒಂದೇ ಬಗೆಯ ಬರೆಹಕ್ಕೆ ತಂದುಕೊಳ್ಳದವನು, ಲೋಂಡಾದ ರೈಲುಗಳಲ್ಲಿ ಅರ್ಧವನ್ನು ಎಣಿಸಿ ಉಳಿದರ್ಧ ಓಡುವುದೇ ಇಲ್ಲವೆಂದು ಬರೆಯುವನು.

2014ರ ನವೆಂಬರ್ 1ರಂದು ಮತ್ತೊಂದು ಸಾಮೂಹಿಕ ತಿದ್ದುಪಡಿ ನಡೆಯಿತು. 2005ರ ಕೊನೆಯಲ್ಲಿ ಯು. ಆರ್. ಅನಂತಮೂರ್ತಿಯವರ ಸಲಹೆಯಂತೆ ಮೊದಲಾದ ಪ್ರಯತ್ನವು ಕೇಂದ್ರದ ಒಪ್ಪಿಗೆಯನ್ನು ಪಡೆದು, ಹನ್ನೆರಡು ನಗರಗಳ ಆಂಗ್ಲ ಹೆಸರುಗಳು ಕನ್ನಡದ ಉಚ್ಚಾರಣೆಗೆ ಹೊಂದಿಕೊಂಡುವು. ಬೆಲ್‌ಗಾಂ ಬೆಳಗಾವಿಯಾದುದು ಅಂದು. ಕನ್ನಡ ಪತ್ರಿಕೆಗಳಿಗೆ ಈ ಊರಿನ ಮಟ್ಟಿಗೆ ಮಾಡಬೇಕಾದುದು ಅಲ್ಪವೇ, ಏಕೆಂದರೆ ಅವು ಮೊದಲಿನಿಂದಲೂ ಬೆಳಗಾವಿ ಎಂದೇ ಬರೆಯುತ್ತಿದ್ದುವು. ಆದರೆ ಹಳೆಯ ಕಡತಗಳಲ್ಲಿ, ಆಂಗ್ಲದ ನೆರಳಿನಲ್ಲಿ ಬೆಳೆದ ಪತ್ರಗಳಲ್ಲಿ ‘ಬೆಳಗಾಂ’ ಧಾರಾಳವಾಗಿತ್ತು. ಅದನ್ನು ತಿದ್ದಹೊರಟವರಿಗೆ ವಿಭಕ್ತಿಗಳ ಅಡ್ಡಿ ಎದುರಾಯಿತು. ಬೆಳಗಾಂ ಎಂಬುದನ್ನು ತೆಗೆದು ಬೆಳಗಾವಿ ಎಂದಿಟ್ಟರೆ ಬೆಳಗಾಂಗೆ ಎಂಬುದು ಬೆಳಗಾವಿಗೆ ಎಂದು ಸರಿಯಾಗುತ್ತದೆ. ಬೆಳಗಾಂನಲ್ಲಿ ಎಂಬುದೋ ‘ಬೆಳಗಾವಿನಲ್ಲಿ’ ಎಂದು ಕುಂಟುತ್ತದೆ. ಆದಕಾರಣ ಮೊದಲು ‘ಬೆಳಗಾಂನ’ ಎಂಬುದಕ್ಕೆ ‘ಬೆಳಗಾವಿಯ’ ಎಂಬ ಆದೇಶವನ್ನು ವಿಧಿಸಬೇಕು. ಆಗ ಬೆಳಗಾಂನ, ಬೆಳಗಾಂನಲ್ಲಿ, ಬೆಳಗಾಂನಿಂದ ಎಂಬ ಮೂರೂ ಒಂದೇ ಸೂತ್ರದಿಂದ ಬೆಳಗಾವಿಯ, ಬೆಳಗಾವಿಯಲ್ಲಿ, ಬೆಳಗಾವಿಯಿಂದ ಎಂದಾಗುತ್ತವೆ. ಕಾರಣವೇನೆಂದರೆ, ‘ನಿ’ ಎಂಬುದು ನಮಗೆ ಒಂದಕ್ಷರವಾದರೂ ಯಂತ್ರಕ್ಕೆ ನಕಾರ ಮತ್ತು ಗುಡಿಸು ಎಂಬ ಎರಡು ತುಂಡು, ನಕಾರವು ಹೋಗಿ ಯಕಾರ ಬಂದರೂ ಗುಡಿಸು ತನ್ನ ಸ್ಥಾನದಲ್ಲಿಯೇ ಕುಳಿತಿರುತ್ತದೆ. ಪದದ ಎಲ್ಲೆಯನ್ನು ಕೆಡಿಸಿದ ಅದೇ ಬಿಡಿಬಿಡಿತನವು ಇಲ್ಲಿ ಉಪಕಾರಿಯಾಯಿತು. ಸಾಮಾನ್ಯ ಸೂತ್ರಕ್ಕೆ ಸರದಿ ಅದರ ಬಳಿಕ. ವಿಶೇಷವು ಮೊದಲು, ಸಾಮಾನ್ಯವು ಆಮೇಲೆ ಎಂಬ ಈ ಕ್ರಮವನ್ನು ತಪ್ಪಿಸಿದರೆ ವಿಶೇಷ ಸೂತ್ರಕ್ಕೆ ತಿದ್ದಲು ಏನೂ ಉಳಿದಿರುವುದಿಲ್ಲ.

ಇಷ್ಟಾದರೂ ಅಪವಾದಗಳು ಮುಗಿಯುವುದಿಲ್ಲ. ಈ ಗಡಿನಾಡಿನ ಮರಾಠಿ, ಕೊಂಕಣಿ ಮನೆತನಗಳಲ್ಲಿ ಬೆಳಗಾಂವಕರ, ಖಾನಾಪುರಕರ ಎಂಬ ಅಡ್ಡಹೆಸರುಗಳುಂಟು. ಸಾಮಾನ್ಯ ಸೂತ್ರವು ಅವುಗಳಲ್ಲಿ ಮೊದಲನೆಯದನ್ನು ‘ಬೆಳಗಾವಿವಕರ’ ಎಂದು ಮಾಡಿ ಒಂದು ಮನೆತನದ ಹೆಸರನ್ನೇ ಹಾಳುಗೆಡವುತ್ತದೆ, ಮುಂದೆ ವಕಾರವಿಲ್ಲದಲ್ಲಿ ಮಾತ್ರ ಎಂಬ ನಿಬಂಧನೆಯನ್ನು ಸೇರಿಸದಿದ್ದರೆ. 1884ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರಿನ ಬೆಳಗಾವಿ ಸಂಪುಟದ ಹೆಸರನ್ನು ಉದ್ಧರಿಸುವಾಗ ಅದು ಬೆಲ್‌ಗಾಂ ಆಗಿಯೇ ಇರಬೇಕು. ಗ್ರಂಥದ ಶೀರ್ಷಿಕೆಯನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ. ಖಾನಾಪುರವೆಂದರೆ ಒಂದೇ ಅಲ್ಲ; ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿಯೂ ಅದೇ ಹೆಸರಿನ ತಾಲೂಕಿದೆ, ತೆಲಂಗಾಣದಲ್ಲಿಯೂ ಖಾನಾಪುರವಿದೆ; ಇವುಗಳನ್ನು ಬೇರ್ಪಡಿಸಲು ಶಬ್ದದ ಆಕೃತಿಯು ಸಾಲದು, ಸಾಲಿನ ಅರ್ಥವನ್ನು ಓದಬೇಕು. ಅನುಭವಸ್ಥರು ಆದಕಾರಣ ಒಮ್ಮೆಗೇ ಎಲ್ಲವನ್ನೂ ಬದಲಿಸದೆ, ಮೊದಲು ಗ್ರೆಪ್‌ನಿಂದ ಹೊಂದುವ ಸಾಲುಗಳನ್ನೆಲ್ಲ ಹೊರತೆಗೆದು ಓದಿ, ಬಳಿಕ ಒಂದೊಂದಕ್ಕೂ ಹೌದು ಅಲ್ಲವೆನ್ನುತ್ತ ಮುಂದುವರಿಯುವರು. ನಿಧಾನವೇ ಸರಿ, ಆದರೆ ಜನರ ಹೆಸರುಗಳಿರುವ ಕಡತಕ್ಕೆ ಬೇರೆ ಮಾರ್ಗವನ್ನು ನಾನು ಒಪ್ಪಲಾರೆ.

ಹೆಸರು ಬದಲಾಗಿ ದಶಕ ಕಳೆದರೂ ಬೆಳಗಾವಿಯ ನಿಲ್ದಾಣಕ್ಕೆ ರೈಲ್ವೆಯವರ ಸಂಕೇತ ‘ಬಿಜಿಎಂ’ ಎಂದೇ ಇದೆ. 2008ರ ಕ್ಷೇತ್ರ ಪುನರ್ವಿಂಗಡಣೆಯ ಆಜ್ಞೆಯಲ್ಲಿರುವಂತೆ ಲೋಕಸಭಾ ಕ್ಷೇತ್ರದ ಆಂಗ್ಲ ಹೆಸರು, 2024ರ ಚುನಾವಣೆಯ ಪಟ್ಟಿಗಳಲ್ಲಿಯೂ, ಬೆಲ್‌ಗಾಂ ಎಂದೇ ಉಳಿಯಿತು. ಉತ್ತರ, ದಕ್ಷಿಣ, ಗ್ರಾಮೀಣ ಎಂಬ ಮೂರು ವಿಧಾನಸಭಾ ಕ್ಷೇತ್ರಗಳ ಹೆಸರುಗಳೂ ಹಾಗೆಯೇ. ಖಾನಾಪುರವೋ, ಬೆಳಗಾವಿ ಜಿಲ್ಲೆಯ ತಾಲೂಕಾದರೂ, ಲೋಕಸಭೆಗೆ ಮತ ಹಾಕುವುದು ಉತ್ತರ ಕನ್ನಡ ಕ್ಷೇತ್ರದಲ್ಲಿ. ಜಿಲ್ಲೆಯ ಚುನಾವಣೆಗಳ ಚರಿತ್ರೆಯನ್ನು ಬರೆಯುವವನು ಈ ಸಾಲುಗಳನ್ನು ಬದಲಿಸದೆ ಬಿಡುವಂತೆ ತನ್ನ ಸೂತ್ರದಲ್ಲಿಯೇ ಹೇಳಿಡಬೇಕು, ಮತ್ತು ಖಾನಾಪುರದ ಅಂಕೆಗಳಿಗಾಗಿ ಬೇರೆ ಕಡತವನ್ನು ತೆರೆಯಬೇಕು.